ಕಟ್ಟದೇ ಉಳಿದ ಗೋಪುರಕ್ಕೆ ಅಳತೆ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಎಂದೂ ಕಟ್ಟದ ಹಳೆಯ ಗಗನಚುಂಬಿಗಳನ್ನು ಕಂಪ್ಯೂಟರಿನಲ್ಲಿ ಎದ್ದು ನಿಂತಂತೆ ತೋರಿಸುತ್ತಾರಲ್ಲ, ಅದರಲ್ಲಿ ವಾಸ್ತುಶಿಲ್ಪಿಯದು ಎಷ್ಟು, ಊಹೆ ಎಷ್ಟು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಮೈಕಟ್ಟು ಬಹುಮಟ್ಟಿಗೆ ವಾಸ್ತುಶಿಲ್ಪಿಯದು. ಮೈಬಣ್ಣ ಬಹುಮಟ್ಟಿಗೆ ಊಹೆ.

ಫ್ರಾಂಕ್ ಲಾಯ್ಡ್ ರೈಟ್ 1956ರಲ್ಲಿ ಷಿಕಾಗೊ ನಗರಕ್ಕೆಂದು ಕಲ್ಪಿಸಿದ ‘ಇಲಿನಾಯ್’ ಗೋಪುರವನ್ನೇ ನೋಡಿ. ಎತ್ತರ ಒಂದು ಮೈಲಿ, ಅಂದರೆ ಸುಮಾರು 1,609 ಮೀಟರ್. ನಿಮ್ಮ ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್. ಗೋಪುರವನ್ನು ಮಂಗಳೂರಿನ ಕಡಲ ದಡದಲ್ಲಿ ನಿಲ್ಲಿಸಿದ್ದರೂ ತುದಿ ನಂದಿಗಿಂತ ಮೇಲಿರುತ್ತಿತ್ತು! ಮರದ ತಾಯಿಬೇರಿನಂತೆ ಆಳಕ್ಕಿಳಿಯುವ ಅಡಿಪಾಯ, ಅಣುಶಕ್ತಿಯಿಂದ ಓಡುವ ಲಿಫ್ಟುಗಳು, ಎಲ್ಲವೂ ಅವರ ಯೋಜನೆಯಲ್ಲಿದ್ದವು.

ಕೆಲಸ ಶುರುವಾಗುವುದು ನಕ್ಷೆಯ ಸ್ಕ್ಯಾನ್‌ನಿಂದ. ಮೂರು ಆಯಾಮದ ಮಾದರಿ ಕಟ್ಟುವ ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಅದನ್ನು ಕೆಳಗೆ ಹಾಸಿ, ಪ್ಲಾನಿನ (ಮೇಲಿನಿಂದ ಕಂಡಂಥ ನಕ್ಷೆಯ) ಗೆರೆಗಳ ಮೇಲೆ ಗೆರೆ ಎಳೆದು, ಎಲಿವೇಶನ್ (ಎದುರಿನಿಂದ ಕಂಡಂಥ ನಕ್ಷೆ) ನೋಡಿಕೊಂಡು ಮೇಲಕ್ಕೆ ಎಬ್ಬಿಸುತ್ತಾರೆ. ತೊಡಕು ಬರುವುದು ಮಹಡಿಗಳಲ್ಲಿ. ಒಂದು ಮೈಲಿಯ 5,280 ಅಡಿಯನ್ನು ರೈಟ್ ಯೋಜಿಸಿದ 528 ಮಹಡಿಗೆ ಹಂಚಿದರೆ ತಲಾ 10 ಅಡಿ. ಚೊಕ್ಕ ಲೆಕ್ಕವೇ. ಆದರೆ ನೆಲದ ದಪ್ಪ, ನೀರಿನ ಪೈಪು, ವೈರು, ಗಾಳಿಯ ಕೊಳವೆ ಎಲ್ಲವೂ ಆ 10 ಅಡಿಯೊಳಗೇ ಅಡಗಬೇಕು. ಇವಕ್ಕೆ ಒಂದು ಅಡಿ ಬಿಟ್ಟರೆ ಕಿಟಕಿಗೆ ಒಂದು ಎತ್ತರ, ಮೂರು ಅಡಿ ಬಿಟ್ಟರೆ ಇನ್ನೊಂದು. ಗೋಪುರದ ಮುಖವೇ ಬೇರೆಯಾಗುತ್ತದೆ. ಆಗ ಅದೇ ವಾಸ್ತುಶಿಲ್ಪಿ ನಿಜವಾಗಿ ಕಟ್ಟಿಸಿದ್ದರತ್ತ ತಿರುಗಬೇಕು. ರೈಟ್ ಅವರ 19 ಮಹಡಿಯ ಪ್ರೈಸ್ ಟವರ್ ಓಕ್ಲಹೋಮದಲ್ಲಿ ಅದೇ 1956ರಲ್ಲಿ ಸಿದ್ಧವಾಗಿತ್ತು. ನಡುಗಂಬದಿಂದ ಕೊಂಬೆಗಳಂತೆ ಚಾಚಿದ ಅದರ ನೆಲಗಳನ್ನು ಇಂದಿಗೂ ಟೇಪು ಹಿಡಿದು ಅಳೆಯಬಹುದು. 19 ಮಹಡಿಯ ಜಾಣ್ಮೆ 528ಕ್ಕೆ ಸಾಲುತ್ತದೆಯೇ ಎನ್ನುವುದು ಬೇರೆ ಮಾತು.

ನಮ್ಮ ಕಡೆ ಅರ್ಧಕ್ಕೆ ನಿಂತ ರಾಯಗೋಪುರವಾದರೆ ಕಲ್ಲಿನ ಬುಡವಾದರೂ ಕೈಗೆ ಸಿಗುತ್ತದೆ. ಜರ್ಮನ್ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ 1921ರಲ್ಲಿ ಬರ್ಲಿನ್ನಿಗೆಂದು ಇದ್ದಿಲಿನಲ್ಲಿ ಬರೆದ ಗಾಜಿನ ಗೋಪುರಕ್ಕೆ ಅದೂ ಇಲ್ಲ. ಗಾಜಿನ ಬಣ್ಣ ಯಾವುದು, ಹೊಳಪು ಎಷ್ಟು, ಹಲಗೆಗಳ ನಡುವಿನ ಸಂದು ಎಷ್ಟು ಅಗಲ? ಇದ್ದಿಲು ಈ ಪ್ರಶ್ನೆಗಳನ್ನು ತೇಲಿಸಿಬಿಡುತ್ತದೆ, ಕಂಪ್ಯೂಟರು ಬಿಡುವುದಿಲ್ಲ. ಪ್ರತಿಯೊಂದಕ್ಕೂ ಸಂಖ್ಯೆ ಕೇಳುತ್ತದೆ. ಕೂತವರು ಏನನ್ನಾದರೂ ತುಂಬಲೇಬೇಕು.

ತುಂಬುವುದು ತಪ್ಪೇನಲ್ಲ, ಮುಚ್ಚಿಡುವುದು ತಪ್ಪು. ಪಾರಂಪರಿಕ ತಾಣಗಳ ಡಿಜಿಟಲ್ ಮರುಸೃಷ್ಟಿಗೆಂದು 2006ರಲ್ಲಿ ಆರಂಭವಾದ ‘ಲಂಡನ್ ಚಾರ್ಟರ್’ ಕೇಳುವುದೂ ಇದನ್ನೇ: ಯಾವುದಕ್ಕೆ ಆಧಾರವಿದೆ, ಯಾವುದು ಊಹೆ ಎಂದು ದಾಖಲಿಸಿ. ಕೆಲವರು ಊಹೆಯ ಭಾಗಗಳನ್ನು ಬೇರೆ ಬಣ್ಣದಲ್ಲೇ ತೋರಿಸುತ್ತಾರೆ. ಮುಂದಿನ ಸಲ ಸಂಜೆಬಿಸಿಲು ಹೊದ್ದ ಅಂಥ ವಿಡಿಯೊ ಕಂಡರೆ, ಅದೇ ಮಾದರಿಯ ಬಣ್ಣ ಬಳಿಯದ ಬೂದು ರೂಪ ಸಿಗುತ್ತದೆಯೇ ಹುಡುಕಿ, ಅದನ್ನು ಮೂಲ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ.