ಎಂಬತ್ತಕ್ಕೆ ಎರಡು ಕಡಿಮೆ: ಹುಬ್ಬಳ್ಳಿಗೆ ಬಂದ ಒಂದು ಸಣ್ಣ ವಿಮಾನದ ಹಿನ್ನೆಲೆ

2015ರ ಮಾರ್ಚ್ 8, ಭಾನುವಾರ. ಹೋಳಿ ಹುಣ್ಣಿಮೆ ಕಳೆದಿತ್ತು. ಹುಬ್ಬಳ್ಳಿಯವರು ಬಣ್ಣಕ್ಕಾಗಿ ಕಾಯುವ ರಂಗಪಂಚಮಿ ಇನ್ನೂ ಬಂದಿರಲಿಲ್ಲ. ಸಂಜೆ ಏಳು ದಾಟಿದ ಹೊತ್ತು, ಅಕಾಲದ ಮಳೆ. ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಗೋಕುಲ ರಸ್ತೆಯ ನಿಲ್ದಾಣದಲ್ಲಿ ನೆಲ ಮುಟ್ಟಿತು. ಆದರೆ ನೇರವಾಗಿ ಓಡದೆ ಎಡಕ್ಕೆ ಹೊರಳಿ ರನ್‌ವೇ ಬಿಟ್ಟು ಇಳಿಯಿತು. ಎಡಬದಿಯ ಚಕ್ರದ ಕಾಲು ಕುಸಿದು, ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿತು. ಒಳಗಿದ್ದ ಎಲ್ಲರೂ ಸುರಕ್ಷಿತವಾಗಿ ಹೊರಬಂದರು.

ಆ ವಿಮಾನದ ನೋಂದಣಿ ವಿಟಿ-ಎಸ್‌ಯುಎ. ಕೆನಡಾದ ಬೊಂಬಾರ್ಡಿಯರ್ ಕಂಪನಿಯ ಕ್ಯೂ400 ಮಾದರಿ. ಎರಡು ಎಂಜಿನ್, ತಲಾ ಆರು ಎಲೆಗಳ ಪ್ರೊಪೆಲ್ಲರ್, 78 ಆಸನ. 2010ರ ಕೊನೆಯಲ್ಲಿ ಸ್ಪೈಸ್‌ಜೆಟ್ ಇಂಥ 15 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತ್ತು. ಟೊರೊಂಟೊದಲ್ಲಿ ತಯಾರಾದ ಅವು 2011ರಿಂದ ಬರತೊಡಗಿದವು, ಹೈದರಾಬಾದನ್ನು ನೆಲೆ ಮಾಡಿಕೊಂಡು ಸಣ್ಣ ಊರುಗಳಿಗೆ ಹಾರಿದವು. ಸ್ಪೈಸ್‌ಜೆಟ್ ತನ್ನ ವಿಮಾನಗಳಿಗೆಲ್ಲ ಮಸಾಲೆ ಪದಾರ್ಥಗಳ ಹೆಸರಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯ ಪಕ್ಕದಲ್ಲೇ ಬಂದಿಳಿಯುವ ವಿಮಾನಕ್ಕೆ ಅದು ಒಪ್ಪುವಂಥದ್ದೇ.

ಹುಬ್ಬಳ್ಳಿಗೆ ಇಂಥ ವಿಮಾನವೇ ಏಕೆ ಬಂತು? ಮೊದಲ ಉತ್ತರ ನೆಲದ ಮೇಲೇ ಇತ್ತು. ಹಳೆಯ ರನ್‌ವೇ ಉದ್ದ ಸುಮಾರು 1,670 ಮೀಟರ್. ಬೋಯಿಂಗ್ 737, ಏರ್‌ಬಸ್ 320ರಂಥ ಜೆಟ್‌ಗಳು ಭರ್ತಿ ಭಾರ ಹೊತ್ತು ಅಷ್ಟರಲ್ಲಿ ಏರಲಾರವು. ಕ್ಯೂ400 ತನ್ನ ಪೂರ್ತಿ ತೂಕದೊಂದಿಗೇ ಸುಮಾರು 1,400 ಮೀಟರ್‌ನಲ್ಲಿ ಎದ್ದುಬಿಡುತ್ತದೆ. ಹೀಗಾಗಿ ಇಲ್ಲಿನ ವಿಮಾನಯಾನವೆಂದರೆ ಬಹುಕಾಲ ಫ್ಯಾನ್ ವಿಮಾನಗಳದ್ದೇ, ಅಂದರೆ ಪ್ರೊಪೆಲ್ಲರ್ ವಿಮಾನಗಳದ್ದೇ ಆಗಿತ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರುಮಾಡಿದ ಏರ್ ಡೆಕ್ಕನ್ 48 ಆಸನಗಳ ಎಟಿಆರ್ 42 ಎಂಬ ಫ್ಯಾನ್ ವಿಮಾನ ತಂದಿತು. ಡೆಕ್ಕನ್ ಕಿಂಗ್‌ಫಿಶರ್ ಕೈಗೆ ಹೋದ ಮೇಲೆ ಎಟಿಆರ್ 72 ಬಂತು. 2012ರ ಆರಂಭದಲ್ಲಿ ಕಿಂಗ್‌ಫಿಶರ್ ಹಾರಾಟವೂ ನಿಂತಿತು. ಬೆಂಗಳೂರಿಗೆ ಹೋಗುವವರು ಮತ್ತೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಇಲ್ಲವೇ ರಾತ್ರಿ ಬಸ್ಸು ಹಿಡಿದರು. ಆ ತೆರವನ್ನು ತುಂಬಿದ್ದು ಕ್ಯೂ400.

ಎರಡನೆಯ ಉತ್ತರ ಕಾನೂನಿನ ಪುಟಗಳಲ್ಲಿದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ 80ಕ್ಕಿಂತ ಕಡಿಮೆ ಆಸನಗಳ ದೇಶೀಯ ವಿಮಾನಗಳಿಗೆ ಇಳಿಯುವ ಶುಲ್ಕವಿಲ್ಲ. 40 ಟನ್‌ಗಿಂತ ಕಡಿಮೆ ತೂಕದ ವಿಮಾನದ ಇಂಧನಕ್ಕೆ ಆಗ ರಾಜ್ಯಗಳು ಶೇ 5ಕ್ಕಿಂತ ಹೆಚ್ಚು ಮಾರಾಟ ತೆರಿಗೆ ಹಾಕುವಂತಿರಲಿಲ್ಲ. ದೊಡ್ಡ ಜೆಟ್‌ಗಳ ಇಂಧನಕ್ಕೆ ಹಲವು ರಾಜ್ಯಗಳಲ್ಲಿ ಅದು ಶೇ 20ನ್ನೂ ದಾಟಿತ್ತು. ಸುಮಾರು 29 ಟನ್ ತೂಕ, 78 ಆಸನಗಳ ಕ್ಯೂ400 ಎರಡೂ ಗೆರೆಗಳ ಒಳಗೆ ಸರಿಯಾಗಿ ಕೂರುತ್ತದೆ. ಐವತ್ತು ಆಸನಕ್ಕೆ ಒಬ್ಬರಂತೆ ಗಗನಸಖಿಯರು ಬೇಕೆಂಬ ನಿಯಮವೂ ಉಂಟು, ಇಬ್ಬರಿದ್ದರೆ ಸಾಕಾಯಿತು. ಬೆಂಗಳೂರು–ಹುಬ್ಬಳ್ಳಿಯಂಥ ಕಿರುದಾರಿಯಲ್ಲಿ ಲಾಭ ನಷ್ಟ ತೀರ್ಮಾನವಾಗುವುದು ಇಂಥ ಚಿಲ್ಲರೆ ಲೆಕ್ಕಗಳಲ್ಲೇ.

ಹಾಗೆಂದು ಇದು ಈ ದಾರಿಗೆ ಹೇಳಿಮಾಡಿಸಿದ ವಿಮಾನವೇನಲ್ಲ. ಕ್ಯೂ400 ಗಂಟೆಗೆ 667 ಕಿಲೋಮೀಟರ್‌ವರೆಗೆ ಹಾರಬಲ್ಲದು, ಎಟಿಆರ್‌ಗಿಂತ ಸಾಕಷ್ಟು ವೇಗ. ಆ ವೇಗಕ್ಕೆ ಇಂಧನವನ್ನೂ ಹೆಚ್ಚು ಕುಡಿಯುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಆಕಾಶಮಾರ್ಗ ನಾಲ್ಕುನೂರು ಕಿಲೋಮೀಟರೂ ಇಲ್ಲ. ಆ ವೇಗದಿಂದ ಅಲ್ಲಿ ಉಳಿತಾಯವಾಗುವುದು ಹತ್ತು ನಿಮಿಷ. ಅದಕ್ಕಿಂತ ಮುಖ್ಯವಾದದ್ದು ಸವೆತ. ವಿಮಾನದ ವಯಸ್ಸನ್ನು ವರ್ಷಗಳಲ್ಲಿ ಮಾತ್ರ ಎಣಿಸುವುದಿಲ್ಲ. ಹಾರಿದ ಗಂಟೆ, ಏರಿಳಿದ ಸಲ, ಎರಡಕ್ಕೂ ಲೆಕ್ಕದ ಪುಸ್ತಕವಿರುತ್ತದೆ. ದೂರ ಹಾರುವ ದೊಡ್ಡ ಜೆಟ್ ದಿನಕ್ಕೆ ಎರಡು ಸಲ ಇಳಿದರೆ, ಗಂಟೆಗೊಂದು ಊರು ಮುಟ್ಟುವ ಸಣ್ಣ ವಿಮಾನ ಏಳೆಂಟು ಸಲ ಇಳಿಯುತ್ತದೆ. ಚಕ್ರ, ಬ್ರೇಕು, ಆ ಚಕ್ರದ ಕಾಲು ಎಲ್ಲಕ್ಕೂ ಅಷ್ಟು ಸಲ ಪೆಟ್ಟು. ಊರೂರಿಗೆ ನಿಲ್ಲುವ ಬಸ್ಸಿನ ಪಾಡೇ ಇದರದ್ದು.

ಮಾರ್ಚ್ 8ರ ಸಂಜೆಗೆ ಈ ಸವೆತ ಕಾರಣವಾಗಿರಲಿಲ್ಲ. ನೆಲ ಮುಟ್ಟಿದ ಮೇಲೆ ಮಳೆಯಲ್ಲಿ ದಾರಿಯ ಗುರುತುಗಳು ಕಣ್ತಪ್ಪಿದ್ದೇ ಕಾರಣವೆಂದು ತನಿಖೆ ಹೇಳಿತು. ರನ್‌ವೇ ಗಿಡ್ಡವಾದದ್ದರಿಂದ ಹೀಗಾಯಿತು ಎಂಬ ಮಾತು ಸುಲಭ, ಸರಿಯಲ್ಲ. ವಿಮಾನ ರನ್‌ವೇಯ ತುದಿ ದಾಟಿ ಹೋಗಲಿಲ್ಲ, ಪಕ್ಕಕ್ಕೆ ಸರಿಯಿತು. ಉದ್ದ ಇಮ್ಮಡಿಯಾಗಿದ್ದರೂ ಆ ಎಡ ಅಂಚು ಅಲ್ಲೇ ಇರುತ್ತಿತ್ತು.

ಆದರೂ ಉದ್ದ ಹೆಚ್ಚಬೇಕಿತ್ತು, ಹೆಚ್ಚಿತು. ಮೇಲ್ದರ್ಜೆಗೇರಿದ ನಿಲ್ದಾಣ 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಈಗ ರನ್‌ವೇ 2,600 ಮೀಟರ್. 2018ರಲ್ಲಿ ಬೋಯಿಂಗ್, ಏರ್‌ಬಸ್‌ಗಳು ಇಳಿದವು. 2019ರ ಜನವರಿಯಲ್ಲಿ ಸ್ಟಾರ್ ಏರ್ 50 ಆಸನಗಳ ಎಂಬ್ರೇಯರ್ ಜೆಟ್‌ನೊಂದಿಗೆ ತನ್ನ ಸೇವೆಯನ್ನೇ ಹುಬ್ಬಳ್ಳಿಯ ದಾರಿಯಲ್ಲಿ ಆರಂಭಿಸಿತು. ದೊಡ್ಡ ಜೆಟ್‌ಗಳಿಗೆ ಜಾಗವಾದ ಮೇಲೂ ಫ್ಯಾನ್ ವಿಮಾನ ಮಾತ್ರ ಹುಬ್ಬಳ್ಳಿಯನ್ನು ಬಿಟ್ಟುಹೋಗಲಿಲ್ಲ. ಇಂಡಿಗೊ ಇಲ್ಲಿಗೆ ಎಟಿಆರ್ 72 ಹಾರಿಸಿತು. ಅದರಲ್ಲೂ ಆಸನಗಳು 78.