ಪಶುಸಂಗೋಪನೆ ಡಿಪ್ಲೊಮಾ ಮಾಡಿದರೆ ದನದ ಡಾಕ್ಟರ್ ಆಗಬಹುದಾ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಮನೆಯಲ್ಲಿ ನಾಲ್ಕು ಹಸು ಇವೆ, ಅವನಿಗೂ ದನಕರು ಅಂದರೆ ಪ್ರಾಣ. ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಮುಗಿಸಿದರೆ ಊರಲ್ಲೇ ಡಾಕ್ಟರಿಕೆ ಮಾಡಬಹುದಾ?

ಉತ್ತರ: ಇಲ್ಲ, ಡಾಕ್ಟರ್ ಆಗುವುದಿಲ್ಲ. ಹಾಗಂತ ಸಣ್ಣ ಕೆಲಸವೂ ಅಲ್ಲ. ಎಷ್ಟೋ ಊರುಗಳಲ್ಲಿ ಕೊಟ್ಟಿಗೆಗೆ ಮೊದಲು ಬರುವವರು ಇವರೇ. ಜನ ಇವರನ್ನೂ ‘ಡಾಕ್ಟ್ರೇ’ ಅಂತಲೇ ಕರೆಯುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ಡಾಕ್ಟರ್ ಆಗಬೇಕಾದರೆ ಪಿಯುಸಿಯಲ್ಲಿ ವಿಜ್ಞಾನ ಓದಿ, ಆಮೇಲೆ ಐದೂವರೆ ವರ್ಷ ಬಿವಿಎಸ್ಸಿ ಅನ್ನುವ ಪಶುವೈದ್ಯ ಪದವಿ ಮಾಡಿ, ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಡಿಪ್ಲೊಮಾದ ದಾರಿ ಬೇರೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪಾಲಿಟೆಕ್ನಿಕ್‌ಗಳಲ್ಲಿ ಇದನ್ನು ಕಲಿಸುತ್ತಾರೆ. ತಿಪಟೂರು ಹತ್ತಿರದ ಕೋನೇಹಳ್ಳಿಯದು ಅಂಥದ್ದೊಂದು. ಅಮೃತ ಮಹಲ್ ತಳಿಯ ಕೇಂದ್ರವೂ ಅಲ್ಲೇ ಇದೆ, ದನದ ಹುಚ್ಚಿರುವ ಹುಡುಗನಿಗೆ ಅದೇ ಒಂದು ಪಾಠ.

ಕಲಿತವರು ಏನು ಮಾಡಬಹುದು ಅಂತ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ರಾಜ್ಯ ಸರ್ಕಾರ ಅನುಮತಿ ಕೊಟ್ಟರೆ, ನೋಂದಾಯಿತ ಡಾಕ್ಟರ ಉಸ್ತುವಾರಿಯಲ್ಲಿ ಲಸಿಕೆ ಹಾಕುವುದು, ಗಾಯಕ್ಕೆ ಡ್ರೆಸಿಂಗ್ ಮಾಡುವುದು, ಹೋರಿಯ ಬೀಜ ಒಡೆಯುವುದು, ಹೀಗೆ ಪ್ರಥಮ ಚಿಕಿತ್ಸೆಯಂಥ ಕೆಲಸಗಳನ್ನು ಮಾಡಬಹುದು.

ದಿನನಿತ್ಯ ಕೈ ಪಳಗುವುದು ಮಾತ್ರ ಕೃತಕ ಗರ್ಭಧಾರಣೆಯಲ್ಲಿ. ಹಸು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಿಂದ ಹೋರಿಯ ವೀರ್ಯ ತುಂಬಿದ ಸಣ್ಣ ಕೊಳವೆ, ಅಂದರೆ ಸ್ಟ್ರಾ ತೆಗೆದು, 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ನಿಮಿಷ ಅದ್ದಬೇಕು. ಒರೆಸಿ, ತುದಿ ಕತ್ತರಿಸಿ, ವೀರ್ಯ ಒಳಗೆ ಬಿಡುವ ಉದ್ದ ಕಡ್ಡಿಯಂಥ ಗನ್ನಿಗೆ ಹಾಕಬೇಕು. ಒಂದು ಕೈಯನ್ನು ಹಸುವಿನ ಗುದದ್ವಾರದೊಳಗೆ ಮೊಣಕೈವರೆಗೂ ಹಾಕಿ, ಗರ್ಭಕೋಶದ ಕೊರಳನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗನ್ನನ್ನು ನಿಧಾನವಾಗಿ ಅದರೊಳಗೆ ದಾಟಿಸಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲ ಬೆರಳಿನ ಲೆಕ್ಕ. ಹಸು ಸುಮ್ನೆ ನಿಲ್ಲುತ್ತದೆಯೇ? ಸಗಣಿ ಹಾಕುತ್ತದೆ, ಒದೆಯುತ್ತದೆ. ಇದೊಂದನ್ನೇ ಮುಖ್ಯವಾಗಿ ಕಲಿಸುವ ‘ಮೈತ್ರಿ’ ಅನ್ನುವ ಮೂರು ತಿಂಗಳ ತರಬೇತಿಯೂ ಇದೆ, ಅದನ್ನು ಡಿಪ್ಲೊಮಾ ಅಂದುಕೊಳ್ಳಬೇಡಿ.

ಡಾಕ್ಟರ ಉಸ್ತುವಾರಿ ಯಾಕೆ ಬೇಕು ಅಂದರೆ, ಹಾಲುಜ್ವರ ನೋಡಿ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಕರು ಹಾಕಿದ ಒಂದೆರಡು ದಿನಕ್ಕೆ ಹಸು ಕುಸಿದು, ಕತ್ತು ಪಕ್ಕೆಗೆ ತಿರುಗಿಸಿಕೊಂಡು ಮಲಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಸಲ ನೋಡನೋಡುತ್ತಲೇ ಎದ್ದು ನಿಲ್ಲುತ್ತದೆ. ಅದೇ ಬಾಟಲಿಯನ್ನು ಅವಸರದಲ್ಲಿ ಜೋರಾಗಿ ಬಿಟ್ಟರೆ ಹೃದಯ ನಿಂತುಹೋಗಬಹುದು. ಮನೆಯವರು ‘ನೀವೇ ಹಾಕಿಬಿಡಿ ಡಾಕ್ಟ್ರೇ’ ಅಂತ ಅಂಗಲಾಚುತ್ತಿರುವಾಗ ಫೋನ್ ತೆಗೆದು ಡಾಕ್ಟರನ್ನು ಕರೆಯುವುದಕ್ಕೂ ಗಟ್ಟಿ ಮನಸ್ಸು ಬೇಕು. ನನ್ನ ಮಟ್ಟಿಗೆ ಈ ವೃತ್ತಿಯ ಕಷ್ಟದ ಪಾಠ ಅದೇ.

ಸರ್ಕಾರಿ ಹುದ್ದೆ ಕರೆದಾಗಷ್ಟೇ ಸಿಗುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ. ಅರ್ಜಿ ಹಾಕುವ ಮುಂಚೆ, ನಿಮ್ಮೂರಿನ ಪಶು ಆಸ್ಪತ್ರೆಯವರನ್ನು ಕೇಳಿ ಮಗನನ್ನು ಒಂದು ವಾರ ಅವರ ಬೈಕಿನ ಹಿಂದೆ ಕೂರಿಸಿ. ಹಳೇ ಅಂಗಿ ಹಾಕಿ ಕಳಿಸಿ.