ಗೆದ್ದವರ ಸಹವಾಸ ಮಾಡಿ, ಆದರೆ 11ನೇ ತಾರೀಖು ನೋಡಿ ಮಾಡಿ

"ಈ ತಿಂಗಳೂ ತೆರಿಗೆ ಕೈಯಿಂದ ಕಟ್ಟಬೇಕಾ ಸರ್?"

ಕೇಳಿದವರು ಹಾರ್ಡ್‌ವೇರ್ ಅಂಗಡಿಯವರು. ಪೇಂಟು, ಪೈಪು ಮಾರುತ್ತಾರೆ. ಜಿಎಸ್‌ಟಿ ಬಂದ 2017ರಿಂದ ಅವರ ರಿಟರ್ನ್ ಹಾಕುವುದು ನಾನೇ. ಮೂರು ತಿಂಗಳಿಂದ ಒಬ್ಬ ಹೊಸ ಡೀಲರ್ ಹತ್ತಿರ ತಿಂಗಳಿಗೆ 2 ಲಕ್ಷದ ಮಾಲು ತಂದಿದ್ದರು. 18%ರಂತೆ ಒಟ್ಟು 1,08,000 ರೂಪಾಯಿ ತೆರಿಗೆಯನ್ನೂ ಆತನಿಗೆ ಕೊಟ್ಟಾಗಿತ್ತು. ಆತ ಒಂದು ತಿಂಗಳೂ ರಿಟರ್ನ್ ಹಾಕಿರಲಿಲ್ಲ. ಮೊದಲ ತಿಂಗಳೇ ಎಚ್ಚರಿಸಿದ್ದೆ. "ಹಾಕ್ತಾರೆ ಬಿಡಿ ಸರ್, ದೊಡ್ಡ ಮನುಷ್ಯ" ಅಂದಿದ್ದರು.

"ಎಷ್ಟು ಪಾಸಿಟಿವ್ ಆಗಿ ಮಾತಾಡ್ತಾರೆ ಗೊತ್ತಾ ಸರ್? ಅಂಥವರ ಜೊತೆ ಇದ್ರೆ ನಾವೂ ಬೆಳೀತೀವಿ ಅಂತ ಹಳೇ ಡೀಲರ್‌ನ ಬಿಟ್ಟೆ."

ಆ ಹಳೇ ಡೀಲರ್ ನನಗೂ ಗೊತ್ತು. ಮುಖ ಗಂಟು ಹಾಕಿಕೊಂಡೇ ಮಾತಾಡುವ ಮನುಷ್ಯ. ಬಾಕಿ ಜಾಸ್ತಿ ಆದರೆ ಮುಲಾಜಿಲ್ಲದೆ ಮಾಲು ನಿಲ್ಲಿಸುತ್ತಾರೆ. ಆದರೆ ಇಷ್ಟು ವರ್ಷದಲ್ಲಿ ಅವರ ಒಂದೇ ಒಂದು ಬಿಲ್ಲಿಗೂ ನಾವು ಫೋನ್ ಮಾಡಿ ಕೇಳುವ ಹಾಗೆ ಆಗಿಲ್ಲ.

ಗೆದ್ದವರ ಜೊತೆ ಇರಿ ಅನ್ನುವ ಮಾತು ಸುಳ್ಳಲ್ಲ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು. ಆದರೆ ಗೆದ್ದವರು ಯಾರು ಅಂತ ನೀವು ಹೇಗೆ ಗುರುತು ಹಿಡಿಯುತ್ತೀರಿ? ಕಾರು ನೋಡ್ತೀರಿ, ಆಫೀಸು ನೋಡ್ತೀರಿ, ಮಾತು ಕೇಳ್ತೀರಿ. ಇದೇ ನನಗೆ ಬೇಜಾರು.

ಇನ್‌ಪುಟ್, ಅಂದರೆ ಮಾಲು ತರುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು, ಅಂಗಡಿ ನಡೆಸುವವರಿಗೆ ಹೊಸದಲ್ಲ. ತಲೆಗೆ ಹೋಗದಿರುವುದು ಇದೊಂದೇ. ಬಿಲ್ಲು ನಿಮ್ಮ ಕೈಯಲ್ಲಿದ್ದರೆ ಸಾಲದು. ದುಡ್ಡು ಬ್ಯಾಂಕಿನಿಂದಲೇ ಹೋಗಿದ್ದರೂ ಸಾಲದು. ಮಾರಿದವನು ಆ ಬಿಲ್ಲನ್ನು ತನ್ನ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟದ ರಿಟರ್ನಿನಲ್ಲಿ, ತೋರಿಸಬೇಕು. ತಿಂಗಳ ರಿಟರ್ನ್ ಹಾಕುವವರಿಗೆ ಮುಂದಿನ ತಿಂಗಳ 11 ಕಡೇ ದಿನ. 14ಕ್ಕೆ ನಿಮ್ಮ 2ಬಿ, ಅಂದರೆ ನಿಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ತಯಾರಾಗುತ್ತೆ. ಅದರಲ್ಲಿ ಬಿಲ್ಲು ಇದ್ದರೆ ಮಾತ್ರ ಇನ್‌ಪುಟ್. ಇಲ್ಲದಿದ್ದರೆ 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಹಾಕುವಾಗ ಅಷ್ಟೂ ದುಡ್ಡನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದು ಕಟ್ಟಬೇಕು. ಒಮ್ಮೆ ಡೀಲರ್‌ಗೆ ಕೊಟ್ಟಿದ್ದೀರಿ, ಈಗ ಸರ್ಕಾರಕ್ಕೆ ಇನ್ನೊಮ್ಮೆ.

ಬಿಲ್ಲು ತೋರಿಸಿ, ತೆರಿಗೆ ಕಟ್ಟದೆ ಕೂತವರೂ ಇದ್ದಾರೆ. ಆ ಹಣಕಾಸು ವರ್ಷ ಮುಗಿದು ಬರುವ ಸೆಪ್ಟೆಂಬರ್ 30ರ ತನಕ ಅವರು 3ಬಿ ಹಾಕದಿದ್ದರೆ, ನೀವು ತಗೊಂಡ ಇನ್‌ಪುಟ್ಟನ್ನು ನವೆಂಬರ್ 30ರೊಳಗೆ ವಾಪಸ್ ಮಾಡಬೇಕು. ತಪ್ಪು ಅವರದು, ದುಡ್ಡು ನಿಮ್ಮದು. ವ್ಯಾಪಾರದಲ್ಲಿ ಸಹವಾಸ ಅಂತ ನಾನು ಹೇಳುವುದು ಇದನ್ನೇ.

ನೋಡುವುದು ಕಷ್ಟವೇನಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ 'ಸರ್ಚ್ ಟ್ಯಾಕ್ಸ್‌ಪೇಯರ್' ಅಂತ ಇದೆ. ಲಾಗಿನ್ ಕೂಡ ಬೇಡ. ಬಿಲ್ಲಿನ ಮೇಲಿರುವ 15 ಅಕ್ಷರದ ಜಿಎಸ್‌ಟಿ ನಂಬರ್ ಹಾಕಿ, ಕರ್ನಾಟಕದವರದ್ದಾದರೆ 29ರಿಂದ ಶುರುವಾಗುತ್ತೆ. ಕೆಳಗೆ ಫೈಲಿಂಗ್ ಟೇಬಲ್ ಒತ್ತಿದರೆ ಯಾವ ತಿಂಗಳ ರಿಟರ್ನ್ ಯಾವ ದಿನ ಹಾಕಿದ್ದಾರೆ ಅಂತ ಸಾಲಾಗಿ ಬರುತ್ತೆ. ನಾನು ಆ ಅಂಗಡಿಯವರಿಗೆ ಮೊಬೈಲಿನಲ್ಲೇ ತೋರಿಸಿದೆ. ಹಳೇ ಡೀಲರ್ ಹೆಸರಿನ ಮುಂದೆ 10, 9, 11, 10. ಹೊಸಬರದ್ದು ನಾಲ್ಕು ತಿಂಗಳ ಹಿಂದೆಯೇ ನಿಂತಿತ್ತು. ಅಂಗಡಿಯವರು ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ಹಾಗಂತ ಒಂದು ತಿಂಗಳು ತಡ ಆಯ್ತು ಅಂತ ಯಾರನ್ನೂ ದೂರ ಮಾಡಬೇಡಿ. ವಹಿವಾಟು 5 ಕೋಟಿಯೊಳಗೆ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಅಂಥವರ ಬಿಲ್ಲು ಸ್ವಲ್ಪ ತಡವಾಗಿ ಕಾಣಬಹುದು, ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ ಆಸ್ಪತ್ರೆ ಓಡಾಟ ಇದ್ದಾಗ ಎಂಥ ಶಿಸ್ತಿನವರೂ ತಪ್ಪಿಸಿದ್ದನ್ನು ನೋಡಿದ್ದೀನಿ. ಟೈಮಿಗೆ ರಿಟರ್ನ್ ಹಾಕುವವರೆಲ್ಲ ಸಾಚಾ ಅಂತಲೂ ಹೇಳಲಾರೆ. ಒಂದು ವರ್ಷದ ಸಾಲು ನೋಡಿ, ಮಾರ್ಕೆಟ್ಟಿನಲ್ಲಿ ಇಬ್ಬರನ್ನು ವಿಚಾರಿಸಿ, ಆಮೇಲೆ ತೀರ್ಮಾನ ಮಾಡಿ.

ನಿಮ್ಮ ನಂಬರ್ ಹಾಕಿ ನೋಡುವವರೂ ಇದ್ದಾರೆ, ಅದು ನೆನಪಿರಲಿ. ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡಿರುವ ಹುಡುಗನೊಬ್ಬ ನಮ್ಮಲ್ಲಿಗೆ ಬರುತ್ತಾನೆ. ಮಾತು ಕಡಿಮೆ, ಕೈಯೆಲ್ಲ ಮಸಿ. ಪ್ರತಿ ತಿಂಗಳು 5ಕ್ಕೆ ಬಿಲ್‌ಬುಕ್ ತಂದು ನನ್ನ ಟೇಬಲ್ ಮೇಲೆ ಇಡುತ್ತಾನೆ. ಹೋದ ವರ್ಷ ಒಂದು ದೊಡ್ಡ ಕಂಪನಿಯವರು ಗೇಟಿನ ಕೆಲಸ ಕೊಡುವ ಮುಂಚೆ ಅವನ ಫೈಲಿಂಗ್ ಟೇಬಲ್ ತೆಗೆದು ನೋಡಿದರಂತೆ. ಕೆಲಸ ಅವನಿಗೇ ಸಿಕ್ಕಿತು. ಅವನು ಸ್ವೀಟ್ ಬಾಕ್ಸ್ ಹಿಡಿದು ಬಂದ ದಿನ ನನಗೆ ನನ್ನ ಮಗನೇ ಪಾಸಾದಷ್ಟು ಖುಷಿ.

ಹಾರ್ಡ್‌ವೇರ್ ಅಂಗಡಿಯವರ ವಿಷಯಕ್ಕೆ ಬಂದರೆ, ನಾಲ್ಕು ಸಲ ಹೋಗಿ ಕೂತ ಮೇಲೆ ಹೊಸ ಡೀಲರ್ ಒಂದು ತಿಂಗಳ ರಿಟರ್ನ್ ಹಾಕಿದ್ದಾರೆ. 36,000 ರೂಪಾಯಿ 2ಬಿಯಲ್ಲಿ ಬಂತು. ಉಳಿದ 72,000ಕ್ಕೆ ಕಾಯುತ್ತಿದ್ದೇವೆ. ಈ ಮಧ್ಯೆ ಅಂಗಡಿಯವರು ಹಳೇ ಡೀಲರ್‌ಗೂ ಫೋನ್ ಮಾಡಿದ್ದರು. "ಹಳೇ ಬಾಕಿ ಕಟ್ಟಿ, ಆಮೇಲೆ ಮಾಲಿನ ಮಾತು" ಅಂದರಂತೆ. ಮೊನ್ನೆ ಸೋಮವಾರ ಹೋಗಿ ಕಟ್ಟಿ ಬಂದರು.